ಫ್ಯಾಕ್ಟರಿಗೆ ಹೋಗುವ ಶಂಭುಲಿಂಗಪ್ಪ

ಚಾಮರಾಜನಗರದ ಅಂಚಿನಲ್ಲಿ ಬೀಗ ಬಿದ್ದಿದ್ದ ರೇಷ್ಮೆ ಫ್ಯಾಕ್ಟರಿಗಳ ಸಾಲು ತೊಂಬತ್ತಾರರಲ್ಲಿ ಉದ್ಧಾರವಾಯಿತು. ಉದ್ಧಾರವೆಂದರೆ ಒಂದು ಶೆಡ್ಡಿನಲ್ಲಿ ಕಲ್ಯಾಣ ಮಂಟಪ, ಪಕ್ಕದ್ದರಲ್ಲಿ ಆರ್ಕೆಸ್ಟ್ರಾ ಇರುವ ಬಾರು. ಗೂಡು ಬೇಯಿಸುತ್ತಿದ್ದ ತೊಟ್ಟಿಗೆ ಐಸು ಸುರಿದು ಬೀರಿನ ಬಾಟಲಿ ಮುಳುಗಿಸಿಟ್ಟಿದ್ದರು. ಸತ್ತ ಹುಳುವಿನ ನಾತ ಗೋಡೆ ಬಿಟ್ಟು ಹೋಗಿರಲಿಲ್ಲ. ಕುಡಿಯುವವರಿಗೆ ಅದೇನೂ ಅಡ್ಡಿಯಾಗಲಿಲ್ಲ.

ಗಂಡಸರು ಆ ಬಾರನ್ನು ಫ್ಯಾಕ್ಟರಿ ಎಂದೇ ಕರೆದರು. ಹೆಂಡತಿಗೆ "ಫ್ಯಾಕ್ಟರಿ ತಾವ ಕೆಲ್ಸ ಅದೆ" ಎಂದರೆ ಪೂರಾ ಸುಳ್ಳಾಗದು. ಎಂಥ ಸತ್ಯಸಂಧರು!

ಸಂತೆಮರಹಳ್ಳಿಯ ಶಂಭುಲಿಂಗಪ್ಪ ಅಲ್ಲಿ ಕ್ಲಾರಿನೆಟ್ ಊದುತ್ತಿದ್ದ. ಮದುವೆಗಳಿಗೆ ಕ್ಯಾಸೆಟ್ ಬಂದು ಬ್ಯಾಂಡ್‌ಸೆಟ್ಟಿಗೆ ಕರೆ ನಿಂತ ಮೇಲೆ ಅದೇ ಹೊಟ್ಟೆಪಾಡು. ಒಂದು ತೊಟ್ಟು ಮುಟ್ಟಿದವನಲ್ಲ. ಆದರೂ ಸಂಜೆ ಹೊರಡುವಾಗ ಮಗಳಿಗೆ "ಫ್ಯಾಕ್ಟರಿಗೆ ಓಗ್ಬತ್ತೀನಿ ಕಣಮ್ಮಿ" ಎನ್ನುತ್ತಿದ್ದ. ಶಿವರಂಜಿನಿಗೆ ಎಲ್ಲ ಗೊತ್ತಿತ್ತು. ಗೊತ್ತಿದ್ದೂ ಗೊತ್ತಿಲ್ಲದಂತಿರುವುದೇ ನಮ್ಮ ಕಡೆ ಮರ್ಯಾದೆ.

ಅವಳಿಗೆ ಗುಂಡ್ಲುಪೇಟೆಯಿಂದ ಸಂಬಂಧ ಬಂತು. ಹುಡುಗ ಮೇಷ್ಟ್ರು, ಅವಳಿಗೂ ಮನಸ್ಸಿತ್ತು. ಹುಡುಗನ ತಂದೆ ಗಂಗಾಧರಸ್ವಾಮಿ ಹಣೆ ತುಂಬ ವಿಭೂತಿ ಬಳಿದುಕೊಂಡು ಚಾಪೆಯ ಮೇಲೆ ಕೂತರು.

"ನಮ್ಮ ಮನೆತನ್ದಲ್ಲಿ ಎಂಡದ ವಾಸ್ನೆ ಕಂಡೋರಿಲ್ಲ. ನಿಮ್ಗೇನ್ ಕೆಲ್ಸ?"

"ಫ್ಯಾಕ್ಟರೀಲಿ," ಎಂದು ಶಂಭುಲಿಂಗಪ್ಪ ಬೆವರಿದ.

"ಪರ್ಮನೆಂಟಾ?"

"ಊಂ."

ಹತ್ತು ದಿನವೂ ಆಗಿರಲಿಲ್ಲ. ಶನಿವಾರ ಸಂಜೆ ಶಂಭುಲಿಂಗಪ್ಪ ಬಾರಿನಲ್ಲಿ ಒಂದು ವಿರಹದ ಹಾಡು ಊದಿ ಮುಗಿಸಿದ್ದೇ ತಡ, ತೊಟ್ಟಿಯ ಪಕ್ಕದ ಮೇಜಿನಿಂದ ಒಬ್ಬರು ತೂರಾಡುತ್ತ ಎದ್ದರು. "ಒನ್ಸ್ ಮೋರ್ ಊದ್ಲಾ!" ವಿಭೂತಿ ಒರೆಸಿಕೊಂಡಿದ್ದರು, ಕಿವಿಯ ಹತ್ತಿರ ಮೂರು ಗೆರೆಯ ತುದಿ ಉಳಿದಿತ್ತು. ಬೀಗರಾಗಬೇಕಾದವರು! ಕಣ್ಣಿಗೆ ಕಣ್ಣು ಸೇರಿತು. ಗಂಗಾಧರಸ್ವಾಮಿ ಕುಕ್ಕರಿಸಿ ಕೂತು ಗ್ಲಾಸನ್ನು ಮೇಜಿನ ಕೆಳಗಿಟ್ಟರು. ಶಂಭುಲಿಂಗಪ್ಪ ಅದೇ ಹಾಡನ್ನು ಮತ್ತೆ ಊದಿದ. ತಾನೂ ಬಾಯಿ ಬಿಡುವುದಿಲ್ಲ, ಅವರೂ ಬಿಡುವುದಿಲ್ಲ ಎಂದು ನಂಬಿದ, ಪೆದ್ದ.

ಸೋಮವಾರ, ಸಂಬಂಧ ತಂದಿದ್ದ ಪುಟ್ಟಸಿದ್ದಮ್ಮ ಬಂದಳು. "ಬಾರಲ್ಲಿ ಊದೋನ ಮನೆ ಎಣ್ಣು ಬ್ಯಾಡ್ವಂತೆ ಕಣಪ್ಪ. ಅವ್ರು ಮಾನಸ್ತರಂತೆ."

ಶಂಭುಲಿಂಗಪ್ಪ ತಲೆ ತಗ್ಗಿಸಿದ. ಒಳಗೆ ಅಳುತ್ತಿದ್ದ ಶಿವರಂಜಿನಿ ಕಣ್ಣೊರೆಸಿಕೊಂಡು ಬಾಗಿಲಿಗೆ ಬಂದಳು.

"ಅಲ್ಲ ಕಣಜ್ಜಿ, ನಮ್ಮಪ್ಪ ಅಲ್ಲಿ ಊದೋದು ಆ ಮಾನಸ್ತರಿಗೆ ಯೆಂಗೆ ಗೊತ್ತಾಯ್ತು?"

ಪುಟ್ಟಸಿದ್ದಮ್ಮ ಎಲೆಅಡಿಕೆ ಅಗಿಯುವುದನ್ನು ನಿಲ್ಲಿಸಿದಳು. ಎಲೆಅಡಿಕೆ ಚೀಲ ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದು ಹೋದಳು.

ಆ ಸಂಜೆ ಶಂಭುಲಿಂಗಪ್ಪ ಕ್ಲಾರಿನೆಟ್ಟಿನ ಪೆಟ್ಟಿಗೆ ಎತ್ತಿಕೊಂಡು, ಇಡೀ ಬೀದಿಗೆ ಕೇಳುವಂತೆ ಹೇಳಿದ: "ಬಾರಿಗೆ ಓಗ್ಬತ್ತೀನಿ ಕಣಮ್ಮಿ."