ಮಗ್ಗದ ಸದ್ದಿನ ಮರೆಯಲ್ಲಿ

ಚಳ್ಳಕೆರೆಯ ಎಣ್ಣೆ ಗಿರಣಿಗಳ ಬೀದಿಯಲ್ಲಿ, ಒಂದು ಮಹಡಿಯ ಮೇಲೆ, ಮನೆಮನೆಗೆ ಹೋಗುವ ಆರೋಗ್ಯ ಕಾರ್ಯಕರ್ತೆಯರಾದ ನಮ್ಮ ತರಬೇತಿ. ಸುಟ್ಟಗಾಯ, ಬಿದ್ದ ಪೆಟ್ಟು, ಹೊಡೆತ ಇವೆಲ್ಲ ಮನೆಯೊಳಗೆ ಆಗುವ ಮೊದಲೇ ತಡೆಯುವುದು ಹೇಗೆ ಎಂಬುದೇ ಪಾಠ. ಹೊಡೆತ ತಿನ್ನುವ ಹೆಂಗಸನ್ನು ಗಂಡನ ಎದುರು ಏನೂ ಕೇಳಬಾರದು ಎಂಬುದನ್ನು ನಾನು ಕಾಲೇಜಿನಲ್ಲೇ ಓದಿದ್ದೆ. ಆದರೆ ಮೊಳಕಾಲ್ಮುರಿನ ನೇಕಾರರ ಮನೆಗಳಲ್ಲಿ ಗಂಡ ಹಗಲೆಲ್ಲ ಮಗ್ಗದಲ್ಲೇ ಇರುತ್ತಾನೆ. ಅದಕ್ಕೆ ನಮ್ಮ ಶಿಕ್ಷಕಿ ಒಂದು ಉಪಾಯ ಹೇಳಿಕೊಟ್ಟಿದ್ದರು.

"ಮಗ್ಗ ಸದ್ದು ಮಾಡ್ತಿರೋವಾಗ ಅಡುಗೆಮನೇಲಿ ಕೇಳ್ರಿ. ಸದ್ದು ನಿಂತ್ರೆ ಮಾತು ನಿಲ್ಲಿಸ್ರಿ."

ಎಲ್ಲರೂ ತಲೆದೂಗಿದೆವು.

ನಾನು ಮತ್ತು ನನ್ನ ಜೊತೆಗಾತಿ ಹೋದ ಮನೆಯಲ್ಲಿ ಗಂಡ ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ನೇಯುತ್ತಿದ್ದ. ಅಡುಗೆಮನೆಯಲ್ಲಿ ಅವನ ಹೆಂಡತಿ, ಸೊಂಟದಲ್ಲಿ ಮಗು. ಜೊತೆಗಾತಿ ಮೆಲ್ಲಗೆ ಕೇಳಿದಳು. ಆಕೆ ಸೆರಗು ಸರಿಸಿ ಕಪ್ಪುಗಟ್ಟಿದ ಭುಜ ತೋರಿಸಿದಳು. ಮಗ್ಗದಲ್ಲಿ ಲಾಳಿ ಆಚೆಗೂ ಈಚೆಗೂ ಖಟಖಟ ಓಡುತ್ತಲೇ ಇತ್ತು. ಆ ಸದ್ದು ಕೇಳುತ್ತಾ ನಾನು ಧೈರ್ಯವಾಗಿದ್ದೆ. ತಿರುಗಿ ನೋಡಿದರೆ ಗಂಡ ಬಾಗಿಲಲ್ಲಿ ನಿಂತಿದ್ದ.

ಮಗ್ಗದಲ್ಲಿ ಕೂತಿದ್ದವನು ಅವನ ತಮ್ಮ. ಆ ಮನೆಗಳಲ್ಲಿ ಒಬ್ಬನು ಎದ್ದರೆ ಇನ್ನೊಬ್ಬ ಕೂರುತ್ತಾನೆ, ಕೆಲಸ ನಿಲ್ಲುವುದಿಲ್ಲ. ನಮ್ಮ ಪಾಠದಲ್ಲಿ ಇದೊಂದು ಇರಲಿಲ್ಲ.

"ಏನ್ ಕೇಳ್ತಾವ್ರೆ?" ಎಂದ.

"ಭುಜಂ ನೊಪ್ಪಿ ಅಡುಗುತುನ್ನಾರು," ಎಂದಳು ಆಕೆ, ಅವರ ಮನೆಮಾತಾದ ತೆಲುಗಿನಲ್ಲಿ. ಭುಜದ ನೋವು ಕೇಳುತ್ತಿದ್ದಾರೆ ಎಂದು.

ಅವನು ನಕ್ಕ. "ನಮ್ ಮನೇಲಿ ನೋವಿಗೇನು ಬರ ಇಲ್ಲ ಮೇಡಂ. ಟೀ ಕುಡ್ಕಂಡ್ ಹೋಗ್ರಿ."

ಅವನೆದುರಿಗೇ ಕೂತು ಕುಡಿದೆವು. ಹೊರಗೆ ಬರುತ್ತಿದ್ದಂತೆ ಹಿಂದೆ ಚಿಲಕ ಬಿತ್ತು. ನಾನು ಫೋನು ತೆಗೆದು ಶಿಕ್ಷಕಿಯ ನಂಬರು ಹುಡುಕತೊಡಗಿದೆ.

"ಬ್ಯಾಗ್ ಒಳಗೆ ಬಿಟ್ಟೆ ಕಣೆ," ಎಂದಳು ಜೊತೆಗಾತಿ.

"ನಿನ್ ಹೆಗಲಲ್ಲೇ ಐತಲ್ಲೇ!"

"ಬಾಯ್ಮುಚ್ಚೇ," ಎಂದು ಬ್ಯಾಗನ್ನು ನನ್ನ ಕೈಗೆ ತುರುಕಿ ಕದ ತಟ್ಟಿದಳು. ಅವನು ತೆರೆದ. ಹಿಂದೆ ಆಕೆ ನಿಂತಿದ್ದಳು, ತುಟಿಯಲ್ಲಿ ರಕ್ತ. ಕಲಿತದ್ದೆಲ್ಲ ಬಿಟ್ಟು ಜೊತೆಗಾತಿ ಅವನೆದುರಿಗೇ ಕೇಳಿಬಿಟ್ಟಳು: "ಅಕ್ಕಾ, ಬರ್ತೀಯಾ?"

ಆಕೆ ಮಗುವನ್ನೆತ್ತಿಕೊಂಡು ಬರಿಗಾಲಲ್ಲಿ ಹೊಸಿಲು ದಾಟಿದಳು. ಬೀದಿಯ ಮನೆಗಳವರು ಹೊರಬಂದು ನೋಡುತ್ತಿದ್ದರು. ಅವನು ತಡೆಯಲಿಲ್ಲ. "ಹೋಗ್ಲಿ ಬಿಡ್ರಿ. ಎಲ್ಲಿಗ್ ಹೋಗ್ತಾಳೆ?" ಎಂದಷ್ಟೇ ಅಂದ.

ಈಗ ಆಕೆ ಚಳ್ಳಕೆರೆಯಲ್ಲೇ ಒಂದು ಆಶ್ರಯದ ಮನೆಯಲ್ಲಿದ್ದಾಳೆ. ಯಾವ ಬೀದಿಯೆಂದು ಅವನಿಗೆ ಗೊತ್ತಿಲ್ಲ, ನಮಗೆ ಗೊತ್ತು. ಶಿಕ್ಷಕಿ ಆ ಉಪಾಯವನ್ನು ಪಾಠದಿಂದ ತೆಗೆದುಹಾಕಿದರು. ನಾನು ಮಾತ್ರ ಮನಸ್ಸಿನಲ್ಲಿ ಇನ್ನೂ ಆ ಅಡುಗೆಮನೆಯಲ್ಲೇ ಇದ್ದೇನೆ, ದಿನವೂ ಬೇರೆ ಬೇರೆ ರೀತಿ ತಿರುಗಿ ನೋಡುತ್ತೇನೆ.

ತರಗತಿಯಿರುವ ದಿನ ಆಕೆಯ ಗಂಡ ಎದುರಿನ ಟೀ ಅಂಗಡಿಯಲ್ಲಿ ನಿಂತಿರುತ್ತಾನೆ. ಪೊಲೀಸರಿಗೆ ಹೇಳಿದೆವು. ರಸ್ತೆಯಲ್ಲಿ ನಿಲ್ಲೋದು ತಪ್ಪಲ್ಲವಲ್ಲಮ್ಮಾ ಎಂದರು.

ನಿನ್ನೆ ನಾವು ಮೆಟ್ಟಿಲಿಳಿಯುತ್ತಲೇ ಅವನು ಗ್ಲಾಸು ಕೆಳಗಿಟ್ಟ. "ಕ್ಲಾಸ್ ಮುಗೀತಾ ಮೇಡಂ? ಈಗ ಯಾವ ಕಡೆಗೆ?"

ಆಕೆಯನ್ನು ನೋಡಿ ಬರಬೇಕೆಂದಿದ್ದೆವು. ಹಣ್ಣೂ ಕೊಂಡಿದ್ದೆವು. ಆಶ್ರಯದ ಮನೆಯ ಕಡೆ ತಿರುಗದೆ ಬಸ್ ನಿಲ್ದಾಣಕ್ಕೆ ನಡೆದು, ಯಾವ ಊರಿನದೆಂದೂ ನೋಡದೆ ಎದುರಿಗಿದ್ದ ಬಸ್ಸು ಹತ್ತಿದೆವು. ಅವನೂ ಹತ್ತಿದ.