ಎಡಗಡೆಯ ಮೂರು ಹಲ್ಲು

ಸವದತ್ತಿ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ, ಔಷಧ ಅಂಗಡಿಯ ಮಾಳಿಗೆಯ ಮೇಲೆ ಒಂದು ಹಲ್ಲಿನ ದವಾಖಾನೆ ಇದೆ. ಅಲ್ಲಿ ಬಾಗಿಲ ಹತ್ತಿರ ಕೂತು ಚೀಟಿ ಬರೆಯುವವಳು ಹೂಲಿಯ ಮಾಲಾ. ಇಪ್ಪತ್ತಾರು ವರ್ಷ, ಬಿ.ಎ. ಆಗಿದೆ, ಅಕ್ಷರ ದುಂಡಗೆ, ನಡತೆ ನೆಟ್ಟಗೆ. ಬಾಯಿ ತೆರೆದರೆ ಮಾತ್ರ ನೋಡುವವರು ಗಲಿಬಿಲಿಗೊಳ್ಳುತ್ತಾರೆ. ಮೇಲಿನ ಸಾಲಿನಲ್ಲಿ ಬಲಗಡೆಯ ಮೂರು ಹಲ್ಲು ನೇರ, ಬೆಳ್ಳಗೆ, ಸಿನಿಮಾದವರ ಬಾಯಿಗೆ ಹೊಂದುವಂಥವು. ಎಡಗಡೆಯ ಮೂರು, ತುಂಬಿದ ಬಸ್ಸಿನಲ್ಲಿ ಸೀಟು ಹಿಡಿಯಲು ನುಗ್ಗಿದವರ ಹಾಗೆ ಒಂದರ ಮೇಲೊಂದು ಏರಿ ಹಳದಿಯಾಗಿ ನಿಂತಿವೆ. ದೇವರು ಮಾಡಿದ ಅನ್ಯಾಯವಲ್ಲ ಇದು. ದೇವರು ಆರಕ್ಕೆ ಆರೂ ಸೊಟ್ಟಗೇ ಕೊಟ್ಟಿದ್ದ. ಅರ್ಧ ಮಾಡಿ ನಿಲ್ಲಿಸಿದವರು ಡಾಕ್ಟರ್ ರಂಜನಾ.

ರಂಜನಾ ಮೇಡಮ್ ಕೆಟ್ಟವರೆಂದು ಊರಲ್ಲಿ ಯಾರೂ ಅನ್ನುವುದಿಲ್ಲ. ಮೆತ್ತಗೆ ಮಾತಾಡುತ್ತಾರೆ, ದೀಪಾವಳಿಗೆ ಸೀರೆ ಕೊಡುತ್ತಾರೆ. ಮಾಲಾ ಕೆಲಸಕ್ಕೆ ಸೇರಿದ ಮೂರನೇ ತಿಂಗಳು ಅವರೇ ಕರೆದು, ಕೂಡಿಸಿಕೊಂಡು, ಎರಡು ದಾರಿ ಹೇಳಿದರು.

“ಒಂದು, ಅಲೈನರ್. ಗಾಜಿನಂಗ ಕಾಣೂ ಪ್ಲಾಸ್ಟಿಕ್ ಅಚ್ಚು. ಊಟದ ಹೊತ್ತು ಬಿಟ್ಟು ಹಗಲೂ ರಾತ್ರಿ ಹಲ್ಲಿಗೆ ಹಾಕ್ಕೊಂಡಿರಬೇಕು, ಹದಿನೈದು ದಿನಕ್ಕೊಮ್ಮೆ ಹೊಸಾ ಅಚ್ಚು. ವರ್ಷ ಒಪ್ಪತ್ತಿನ್ಯಾಗ ನಿನ್ನ ಹಲ್ಲು ಸರದು ತಮ್ಮ ಜಾಗಾಕ್ಕ ಬರ್ತಾವು. ಇನ್ನೊಂದು, ವೆನೀರ್. ಹಲ್ಲು ಅರದು ಮ್ಯಾಲೆ ತೆಳ್ಳನ ಪಿಂಗಾಣಿ ಚಿಪ್ಪು ಅಂಟಸೂದು. ಎರಡ ಸಲ ಕುಂತ್ರ ಮುಗೀತು.”

ಮಾಲಾಳ ಮನಸ್ಸಿದ್ದದ್ದು ಅಲೈನರ್ ಮೇಲೆ. ತನ್ನ ಹಲ್ಲು ತನ್ನವಾಗಿಯೇ ಉಳಿಯುತ್ತವಲ್ಲ. ಆದರೆ ಅದರ ರೇಟು ಕೇಳಿ ಆಸೆ ಬಿಟ್ಟಳು. ವೆನೀರ್ ಪುಕ್ಕಟೆ ಹಾಕುತ್ತೇನೆ ಎಂದರು ಮೇಡಮ್. ಒಂದೇ ಕರಾರು, ಬಂದ ಪೇಷಂಟುಗಳಿಗೆ ನಕ್ಕು ತೋರಿಸಬೇಕು. ಶಾಲೆಗೆ ಹೋಗುವಾಗಿನಿಂದ ಬಾಯಿಗೆ ಕರ್ಚೀಫು, ಪುಸ್ತಕ, ವೇಲು ಅಡ್ಡ ಹಿಡಿದೇ ನಕ್ಕವಳಿಗೆ ಇದೂ ಒಂದು ಕರಾರೇ? ಕುಣಿಯುತ್ತ ಒಪ್ಪಿದಳು. ಎಷ್ಟು ಹಲ್ಲಿಗೆ ಎಂದು ಕೇಳಬೇಕಿತ್ತು, ಹುಚ್ಚಿ ಕೇಳಲಿಲ್ಲ.

ಮೂರು ಹಲ್ಲು ಅರೆದರು, ಚಿಪ್ಪು ಅಂಟಿಸಿದರು, ಕೈಗೆ ಕನ್ನಡಿ ಕೊಟ್ಟರು.

“ಉಳಿದವು ಯಾವಾಗ್ರಿ ಮೇಡಮ್?”

“ಮುಂದಿನ ತಿಂಗಳ ನೋಡೂಣು. ಅಲ್ಲೀತನಾ ಹಿಂಗ ಇರಲಿ. ಮಾಡಿದ್ದೂ ಮಾಡಲಾರದ್ದೂ ಒಂದ ಬಾಯಾಗ ಕಂಡ್ರ ಮಂದಿಗೆ ಲಗೂನ ತಿಳೀತೈತಿ.”

ಆ ಮುಂದಿನ ತಿಂಗಳು ಬಂದು ಹೋಗಿ ಒಂದು ವರ್ಷ ಎಂಟು ತಿಂಗಳಾಯಿತು. ದಿನಕ್ಕೆ ಐದಾರು ಸಲ ಒಳಗಿಂದ ಕರೆ ಬರುತ್ತದೆ. ಮಾಲಾ ಹೋಗಿ, ಮಾಸ್ಕ್ ಇಳಿಸಿ, ನಗುತ್ತಾಳೆ. ಮೇಡಮ್ ಪೆನ್ನಿನ ತುದಿಯಿಂದ ಅತ್ತ ಇತ್ತ ತೋರಿಸುತ್ತಾರೆ. ಬಂದವರು ಕುರ್ಚಿಯಿಂದ ಮುಂದೆ ಬಾಗಿ ನೋಡುತ್ತಾರೆ. ಒಬ್ಬ ಮುದುಕ, ಸಂತೆಯಲ್ಲಿ ಎಮ್ಮೆ ನೋಡಿದ ಹಾಗೆ, ಬೆರಳಿಟ್ಟೇ ನೋಡಿದ. ಕೆಲಸ ಬಿಟ್ಟು ಹೋಗಬಾರದೇ ಎಂದು ನೀವು ಕೇಳಬಹುದು. ಹೋದರೆ ಎಡಗಡೆ ಜನ್ಮಕ್ಕೂ ಹಾಗೇ ಉಳಿಯಿತು. ಅರ್ಧ ಬಾಯಿ ಇನ್ನೊಬ್ಬರ ಕೈಯಲ್ಲಿರುವಾಗ ಎಲ್ಲಿಗೆ ಹೋಗುತ್ತಾಳೆ?

ಯರಗಟ್ಟಿಯಿಂದ ಗಂಡಿನ ಕಡೆಯವರು ನೋಡಲು ಬರುತ್ತಾರೆಂದು ಗೊತ್ತಾದಾಗ ಮಾಲಾ ಕೈಮುಗಿದಳು. “ಐತವಾರ ಬರಾಕತ್ತಾರ್ರಿ. ಅಷ್ಟರಾಗ ಮಾಡಿಬಿಡ್ರಿ ಮೇಡಮ್.”

“ಈ ವಾರ ಭಾಳ ಪೇಷಂಟ್ ಅದಾರ. ಅವ್ರಿಗೆ ನಾ ಯಾರನ್ನ ತೋರಸ್ಲಿ? ತುಟಿ ಮುಚ್ಚಿ ನಗು. ಅದೂ ಛಂದ ಕಾಣತೈತಿ.”

ಐತವಾರ ಹುಡುಗ ಅರ್ಜುನ ಮೊಬೈಲು ನೋಡುತ್ತ ಕೂತ. ಅವನ ತಾಯಿ ತಂಗೆವ್ವ ಅವಲಕ್ಕಿ ತಿನ್ನುತ್ತ ಹುಡುಗಿಯನ್ನು ನೋಡಿದಳು. ಮಾಲಾ ಎಲ್ಲದಕ್ಕೂ ಹೂಂ, ಉಹೂಂ ಎಂದಷ್ಟೇ ಉತ್ತರ ಕೊಡುತ್ತಿದ್ದಳು.

“ಬಾಯಿ ಬಿಟ್ಟು ಮಾತಾಡವಾ. ಮೂಕಿನ್ನ ಕರಕೊಂಡು ಹೋಗಿ ಏನ ಮಾಡ್ಲಿ?”

ಮಾಲಾಗೆ ನಗು ತಡೆಯಲಾಗಲಿಲ್ಲ. ತಂಗೆವ್ವ ತಾಟು ಕೆಳಗಿಟ್ಟಳು.

“ಇದರಾಗ ನಿನ್ನ ಹಲ್ಲು ಯಾವು?”

ಮಾಲಾ ಬೆರಳಿನಿಂದ ಎಡಗಡೆ ತೋರಿಸಿದಳು. ಯಾರೂ ನಗಲಿಲ್ಲ. ನಕ್ಕಿದ್ದರೆ ಅವಳಿಗೆ ಅಷ್ಟು ನೋಯುತ್ತಿರಲಿಲ್ಲ.

ಮೂರು ದಿನಕ್ಕೆ, ಸಂಬಂಧ ತಂದಿದ್ದ ಹನುಮಪ್ಪನ ಫೋನು ಬಂತು. “ಅರ್ಧಾ ತಾವು ಮಾಡಿಸ್ಯಾರ, ಉಳಿದರ್ಧಾ ನಮ್ಮ ತಲಿಗೆ ಕಟ್ಟತಾರ ಅಂತ ಅನ್ನಾಕತ್ತಾರ್ರಿ.” ಮಾಲಾಳ ತಾಯಿ ಕೃಷ್ಣವ್ವ ಫೋನಿಟ್ಟವಳೇ ಮಗಳ ಮೇಲೆ ಹರಿಹಾಯ್ದಳು. “ಮದಲಿನ ಸೊಟ್ಟ ಹಲ್ಲರ ನಮ್ಮೂ ಅಂತ ಹೇಳಾಕ ಬರತಿತ್ತು. ಈಗ ಅದಕ್ಕೂ ಕಲ್ಲು ಹಾಕ್ಕೊಂಡಿ.” ಹೆತ್ತವಳ ಬಾಯಿಂದ ಬಂದ ಮಾತು. ಮಾಲಾ ಎರಡು ದಿನ ಊಟ ಬಿಟ್ಟಳು, ಕೆಲಸ ಬಿಡಲಿಲ್ಲ.

ತಿಂಗಳಾದ ಮೇಲೆ ಅದೇ ತಂಗೆವ್ವ ಮಗಳನ್ನು ಕರೆದುಕೊಂಡು ದವಾಖಾನೆಯ ಮೆಟ್ಟಿಲು ಹತ್ತಿ ಬಂದಳು. ಹತ್ತೊಂಬತ್ತರ ಹುಡುಗಿ, ಹಲ್ಲು ಮಾಲಾಳಂತೆಯೇ ಸೊಟ್ಟ. ಮಾಸ್ಕಿನ ಹಿಂದಿನ ಮುಖದ ಗುರುತು ತಂಗೆವ್ವಗೆ ಹತ್ತಲಿಲ್ಲ. ಸ್ವಲ್ಪ ಹೊತ್ತಿಗೆ ಒಳಗಿಂದ ಕರೆ ಬಂತು.

ಮಾಲಾ ಹೋಗಿ ಮಾಸ್ಕ್ ಇಳಿಸಿದಳು, ನಕ್ಕಳು. ತಂಗೆವ್ವ ಒಮ್ಮೆ ಬೆಚ್ಚಿದಳು. ನಾಚಿಕೆಯೇನೋ ಬಂದಿರಬೇಕು. ಆದರೆ ಬಂದ ಕೆಲಸ ಬಿಡುತ್ತಾಳೆಯೇ? ಚೀಲದಿಂದ ಕನ್ನಡಕ ತೆಗೆದು ಹಾಕಿಕೊಂಡು ಇನ್ನೂ ಹತ್ತಿರಕ್ಕೆ ಬಾಗಿದಳು.

“ಅಕ್ಕಾ, ಭಾಳ ನೋಯ್ತೈತೇನ್ರಿ?” ಎಂದು ಮಗಳು ಕೇಳಿದಳು.

ಇಪ್ಪತ್ತು ತಿಂಗಳಲ್ಲಿ ಈ ಬಾಯಿಯನ್ನು ನೋಡಿದವರು ನೂರಾರು ಮಂದಿ. ಬಾಯಿಯ ಒಡತಿಯನ್ನು ಮಾತಾಡಿಸಿದವಳು ಇವಳೊಬ್ಬಳೇ. ಮಾಲಾ ಮೇಡಮ್ ಕಡೆ ನೋಡಲಿಲ್ಲ.

“ನೋಯಂಗಿಲ್ಲವಾ, ಇಂಜೆಕ್ಷನ್ ಕೊಡ್ತಾರ. ಆದ್ರ ಸೊಟ್ಟ ಹಲ್ಲು ನೆಟ್ಟಗ ಕಾಣಬೇಕಂದ್ರ ಭಾಳ ಅರೀಬೇಕು. ಅರದದ್ದು ತಿರಗಿ ಬೆಳಿಯಂಗಿಲ್ಲ. ನನಗ ಇನ್ನೂ ಥಣ್ಣೀರು ಕುಡದ್ರ ಜುಮ್ ಅಂತೈತಿ. ಹತ್ತ ಹದಿನೈದು ವರ್ಷಕ್ಕ ಚಿಪ್ಪು ಬದಲಾಸಬೇಕು, ಸಾಯೂತನಾ. ನೀ ಅಲೈನರ್ ಹಾಕಿಸ್ಕೊ. ತಡಾ ಆಕ್ಕೈತಿ, ಆಗ್ಲಿ. ನನ್ನಂಗ ಆಗಬ್ಯಾಡ.”

ಹೇಳಿ ಮುಗಿಸಿ ಮಾಸ್ಕ್ ಏರಿಸಿಕೊಂಡಳು. ಕೆಲಸ ಹೋಯಿತು, ಎಡಗಡೆಯೂ ಹೋಯಿತು ಎಂದು ಅವಳಿಗೆ ಖಾತ್ರಿಯಾಗಿತ್ತು. ಆದರೂ ಎದೆ ಹಗುರಾಗಿತ್ತು.

“ಈಕಿ ಹೇಳೂದು ಖರೇ ಕಾಣತೈತಿ,” ಎಂದಳು ತಂಗೆವ್ವ. “ಅಲೈನರ್ ಮಾಡ್ರಿ ಡಾಕ್ಟರ.” ಮಗಳ ಹಲ್ಲಿನ ಅಳತೆ ಕೊಡಿಸಿ, ಹೋಗುವಾಗ ಬಾಗಿಲಲ್ಲಿ “ಪುಣ್ಯಾ ಬರ್ಲಿ ನಿನಗ” ಎಂದು ಹಾರೈಸಿದಳು. ಮಗನ ಮಾತು ಎತ್ತಲಿಲ್ಲ.

ಮೇಡಮ್ ಕರೆದಾಗ ಮಾಲಾ ಬ್ಯಾಗು ಹೆಗಲಿಗೆ ಹಾಕಿಕೊಂಡೇ ಒಳಗೆ ಹೋದಳು. ಬೈಗುಳಕ್ಕೆ ಸಿದ್ಧಳಾಗಿದ್ದವಳ ಮುಂದೆ ಮೇಡಮ್ ಕಣ್ಣರಳಿಸಿ ಕೂತಿದ್ದರು.

“ಎಷ್ಟ ಛಲೋ ಹೇಳಿದಿ ಮಾಲಾ. ಅಲೈನರ್ ತಗೋರಿ ಅಂತ ನಾ ಹೇಳಿದ್ರ, ರೊಕ್ಕಾ ಕೀಳಾಕತ್ತಾಳ ಅಂತಾರ ಮಂದಿ. ನೀ ಹೇಳಿದ್ರ ನಂಬತಾರ. ಇನ್ನ ಮ್ಯಾಲೆ ಎಲ್ಲಾರಿಗೂ ಹಿಂಗ ಹೇಳು. ಆ ಥಣ್ಣೀರಿಂದು ಮರೀಬ್ಯಾಡ.”

ಮಾಲಾ ನಿಂತಲ್ಲೇ ನಿಂತಳು. “ಹಂಗಾರ ಎಡಗಡೆವ್ರಿ?”

“ಅವು ಇರಲಿ ಬಿಡು. ಅವೂ ನೆಟ್ಟಗಾದ್ರ ನಿನ್ನ ಮಾತು ಯಾರು ಕೇಳ್ತಾರ?”

ಮುಂದಿನ ತಿಂಗಳು ಎನ್ನುವ ಸುಳ್ಳನ್ನೂ ಈ ಸಲ ಅವರು ಹೇಳಲಿಲ್ಲ.

ಮಾಲಾ ಬ್ಯಾಗನ್ನು ತಿರುಗಿ ಮೊಳೆಗೆ ತೂಗುಹಾಕಿದಳು. ಹೊರಗೆ ಉಗರಗೋಳದ ಗಂಡ ಹೆಂಡತಿ ಕಾಯುತ್ತಿದ್ದರು. ಹೆಸರು, ವಯಸ್ಸು ಕೇಳಿ ಚೀಟಿ ಬರೆದು ಅವರನ್ನು ಒಳಗೆ ಕರೆತಂದಳು. ಮೇಡಮ್ ಹೇಳುವ ಮೊದಲೇ ಮಾಸ್ಕ್ ಇಳಿಸಿ ನಕ್ಕಳು.