ಎದುರಾಳಿ ಇಲ್ಲದ ಚಿನ್ನ

ನಮ್ಮ ದೊಡ್ಡಪ್ಪನ ಮಗ ಶಹಾಪುರದ ಹತ್ತಿರ ಕಾಲುವೆ ಗೇಟು ಕಾಯುತ್ತಿದ್ದ ಹೆವಿವೇಟ್ ಬಾಕ್ಸರ್. ಮೂರು ವರ್ಷ ಜಿಲ್ಲೆಯ ಚಿನ್ನದ ಪದಕ ಅವನಿಗೇ ಬಂತು. ದೂರದ ತರಬೇತಿ ಶಿಬಿರದಿಂದ ಕರೆ ಬಂದಾಗ ಹಂಗಾಮಿ ನೌಕರಿ ಬಿಡಬೇಕೋ ಬೇಡವೋ ಎಂಬ ಪ್ರಶ್ನೆ ಎದ್ದಿತು. ಓಣಿಯ ಮಂದಿಗೆ ಅವನು ಆಗಲೇ ದೇಶದ ಹುಲಿ. ದೊಡ್ಡಪ್ಪನಿಗೆ ಬರೀ ಮೈ ಬೆಳೆದ ಕೋಣ.

"ಚರ್ಚಾ ಸ್ಪರ್ಧಾದಾಗ ಕಪ್ ತಂದಾಂವ ನೀ. ನೀನರ ಖರೆ ಹೇಳೋ ತಮ್ಮಾ," ಅಂದ ಅಣ್ಣ, ಕಾಲುವೆ ಏರಿಯ ಮೇಲೆ ಕೂತು.

"ಮೂರು ಮೆಡಲ್ ಗೆಲ್ಲೂದ್ರಾಗ ಎಷ್ಟು ಹೊಡತ ತಿಂದಿ?" ಅಂತ ಕೇಳಿದೆ.

"ಒಂದೂ ಇಲ್ಲ," ಅಂದ. ಯಾದಗಿರಿಯಿಂದ ಸುರಪುರದವರೆಗೆ ಅವನ ತೂಕದವರೇ ಇರಲಿಲ್ಲ. ಪ್ರತಿ ಸಲ ರಿಂಗ್ ಹತ್ತಿ ಒಬ್ಬನೇ ನಿಲ್ಲುತ್ತಿದ್ದ. ಎದುರಾಳಿ ಇಲ್ಲವೆಂದು ರೆಫರಿ ಅವನ ಕೈ ಎತ್ತುತ್ತಿದ್ದರು. ನಾವು ಕೆಳಗೆ ಶಿಳ್ಳೆ ಹೊಡೆಯುತ್ತಿದ್ದೆವು.

"ನಿನ್ನ ಗುದ್ದಿಗೆ ಉಸುಕಿನ ಚೀಲ ಹರದದ್ದು ನಾನ ನೋಡೇನಿ. ಆದ್ರ ಚೀಲ ತಿರುಗಿ ಹೊಡಿಯಂಗಿಲ್ಲ. ಹುಲಿ ಅನ್ನಾಕೂ ಕೋಣ ಅನ್ನಾಕೂ ನನ್ನ ಕಡೆ ಪುರಾವೆ ಇಲ್ಲ."

"ಹಂಗಾರ ನೀನ ಹೊಡಿ," ಅಂತ ಎದ್ದು ನಿಂತ.

ಇದ್ದಬದ್ದ ಶಕ್ತಿ ಹಾಕಿ ದವಡೆಗೆ ಹೊಡೆದೆ. ನನ್ನ ಬೆರಳು ಊದಿತು. ಅವನು ಕಣ್ಣು ಸಹ ಮಿಟುಕಿಸಲಿಲ್ಲ.

"ಇದು?" ಅಂದ, ಆಸೆಯಿಂದ.

"ನಾ ಐವತ್ತು ಕಿಲೋ ಅದೀನಿ ಅಣ್ಣಾ. ಇದೂ ಲೆಕ್ಕಕ್ಕಿಲ್ಲ."

ನೀರು ಬಿಡುವ ಹೊತ್ತಾಗಿತ್ತು. ಅವನು ಗೇಟಿನ ಚಕ್ರ ತಿರುಗಿಸಲು ಹೋದ. ಶಿಬಿರಕ್ಕೆ ಹೋಗಲಿಲ್ಲ. ನಾನು ಹೇಳಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ. ಆದರೆ ಪುರಾವೆ ಸಿಗಬಹುದಾಗಿದ್ದ ಒಂದೇ ಜಾಗ ಆ ಶಿಬಿರ ಎಂಬುದನ್ನು ಮಾತ್ರ ಹೇಳಲೇ ಇಲ್ಲ.